ನಿಂತುಹೋದ .22 ಲೀವರ್ ರೈಫಲ್‌ಗೆ ಇಷ್ಟೊಂದು ರೇಟ್ ಯಾಕೆ?

ಅಮೆರಿಕದ ಬಂದೂಕಿನ ಅಂಗಡಿಗೆ ಹೋದರೆ ಹೆನ್ರಿ ಕಂಪನಿಯ ಹೊಚ್ಚಹೊಸ .22 (ಸುಮಾರು 0.22 ಇಂಚು ದಪ್ಪದ ಗುಂಡಿನ) ಲೀವರ್ ರೈಫಲ್ 500 ಡಾಲರ್ ಒಳಗೇ ಸಿಗುತ್ತದೆ. ಅದೇ ಅಂಗಡಿಯ ಹಳೇ ಸಾಮಾನಿನ ಕಪಾಟಿನಲ್ಲಿ, ಈಗ ತಯಾರಾಗದ .22 ಲೀವರ್ ರೈಫಲ್ ವಿಂಚೆಸ್ಟರ್ 9422 ಇದ್ದರೆ ಅದರ ಚೀಟಿಯಲ್ಲಿ ಸಾವಿರ ಡಾಲರ್ ದಾಟಿದ ಅಂಕಿ ಇರುತ್ತದೆ. ಮರದಲ್ಲಿ ಗೀರು ಬಿದ್ದಿರಬಹುದು, 30-40 ವರ್ಷ ಯಾರದೋ ಜೀಪಿನಲ್ಲಿ ಅಲೆದಿರಬಹುದು. ಪೆಟ್ಟಿಗೆ ಸಮೇತ ಮುಟ್ಟದೆ ಇಟ್ಟದ್ದಾದರೆ ಇನ್ನೂ ಜಾಸ್ತಿ. ಎರಡರಲ್ಲೂ ಹಾರುವುದು ಒಂದೇ ಗುಂಡು. ಬೀಳುವುದು ಅದೇ ಮೊಲ, ಅದೇ ಅಳಿಲು, ಇಲ್ಲವೇ ಅದೇ ಖಾಲಿ ಡಬ್ಬ.

ಹಾಗಾದರೆ ಈ ವ್ಯತ್ಯಾಸ ಯಾತಕ್ಕೆ? 'ತಯಾರಿಕೆ ನಿಂತಿದೆ, ಅದಕ್ಕೇ ರೇಟ್ ಏರಿದೆ' ಎನ್ನುವುದು ಥಟ್ಟನೆ ಸಿಗುವ ಉತ್ತರ. ಅದು ಅರ್ಧ ಸತ್ಯ. ತಯಾರಿಕೆ ನಿಂತ ಎಷ್ಟೋ ಬಂದೂಕುಗಳನ್ನು ಇವತ್ತಿಗೂ ಕೇಳುವವರಿಲ್ಲ.

ಇದು ಎಂಥ ಬಂದೂಕು

ಲೀವರ್ ರೈಫಲ್ ಎಂದರೆ ಕೌಬಾಯ್ ಸಿನಿಮಾದಲ್ಲಿ ಕಾಣುವ ಬಂದೂಕು. ಟ್ರಿಗರ್ ಸುತ್ತ ಕಬ್ಬಿಣದ ಬಳೆಯಂಥ ಹಿಡಿ ಇರುತ್ತದೆ, ಅದೇ ಲೀವರ್. ಅದನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟೆ ಹೊರಗೆ ಜಿಗಿಯುತ್ತದೆ, ಮೇಲಕ್ಕೆ ಎಳೆದರೆ ಹೊಸ ತೋಟೆ ಒಳಗೆ ಕೂರುತ್ತದೆ. ನಳಿಗೆಯ ಕೆಳಗಿನ ಉದ್ದ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. 9422ರ ಕೊಳವೆಯಲ್ಲಿ .22 ಲಾಂಗ್ ರೈಫಲ್ ತೋಟೆ 15 ಹಿಡಿಸುತ್ತವೆ, ಅದರಂಥದೇ ಇನ್ನೊಂದು ಹಳೇ ರೈಫಲ್ ಮಾರ್ಲಿನ್ 39ಎನಲ್ಲಿ 19.

.22 ತೋಟೆ ರಿಮ್‌ಫೈರ್ ಬಗೆಯದು, ಅಂದರೆ ತೋಟೆಯ ಬುಡದ ಅಂಚಿನೊಳಗೇ ಕಿಡಿ ಹೊತ್ತಿಸುವ ಮದ್ದು ಇರುತ್ತದೆ. ಸುತ್ತಿಗೆಯ ಪೆಟ್ಟು ಬೀಳುವುದು ನಡುವಿಗಲ್ಲ, ಅಂಚಿಗೆ. ಗುಂಡು ಚಿಕ್ಕದು, ಹೆಚ್ಚಾಗಿ ಎರಡೂವರೆ ಗ್ರಾಂ ಆಸುಪಾಸು. ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೆಂದೇ ಹೇಳಬೇಕು, ತೋಟೆ ಅಗ್ಗ. ಅದಕ್ಕೇ ಅಮೆರಿಕದ ಹಳ್ಳಿಗಳಲ್ಲಿ ಮಕ್ಕಳು ಮೊದಲು ಕಲಿಯುವುದು .22ರಲ್ಲಿ. ಕೊಡಗು, ಮಲೆನಾಡಿನ ಕಡೆ ದೊಡ್ಡ ತೋಟೆ ಕೋವಿ ಹಿಡಿದು ಗೊತ್ತಿರುವವರಿಗೆ ಇದು ಆಟಿಕೆಯಂತೆ ಹಗುರ ಅನ್ನಿಸಬಹುದು.

ಒಟ್ಟಿನಲ್ಲಿ ಇದು ಮನೆಬಳಕೆಯ ಸಾಮಾನು. ಸಂಗ್ರಹಕ್ಕೆಂದು ಹುಟ್ಟಿದ್ದಲ್ಲ. ಕಲಿಯಲು, ತೋಟ ಕಾಯಲು, ಭಾನುವಾರ ಡಬ್ಬಕ್ಕೆ ಗುರಿಯಿಡಲು ಮಾಡಿದ್ದು. ಇವತ್ತಿನ ಬೆಲೆ ವಿಚಿತ್ರವಾಗಿ ಕಾಣುವುದು ಅದಕ್ಕೇ.

ಕನೆಕ್ಟಿಕಟ್‌ನ ಎರಡು ಕಾರ್ಖಾನೆಗಳು

ಈ ಕಥೆ ಬಹುಪಾಲು ಒಂದೇ ರಾಜ್ಯದ ಅಕ್ಕಪಕ್ಕದ ಎರಡು ಊರುಗಳದ್ದು. ನ್ಯೂ ಹೇವನ್‌ನಲ್ಲಿ ವಿಂಚೆಸ್ಟರ್, ನಾರ್ತ್ ಹೇವನ್‌ನಲ್ಲಿ ಮಾರ್ಲಿನ್.

ಈ ಎರಡು ರೈಫಲ್‌ಗಳಲ್ಲಿ ಮಾರ್ಲಿನ್ನಿನ ವಂಶವೇ ಹಳೆಯದು. 1891ರಲ್ಲೇ ಅದು .22 ಲೀವರ್ ರೈಫಲ್ ತಂದಿತ್ತು. ಗುರಿಗಾತಿ ಆನಿ ಓಕ್ಲಿ ಕೈಯಲ್ಲೂ ಮಾರ್ಲಿನ್ ಇತ್ತು. ಅದೇ ವಂಶ 1897ರ ಮಾದರಿಯಾಗಿ, 1920ರ ದಶಕದ ಆರಂಭದಲ್ಲಿ ಮಾಡೆಲ್ 39 ಆಗಿ, 1939ರಲ್ಲಿ 39ಎ ಆಗಿ ಬೆಳೆಯಿತು. ಇದರ ಬಲಬದಿಯಲ್ಲಿ ದಪ್ಪ ತಲೆಯ ಒಂದು ಸ್ಕ್ರೂ ಇದೆ. ಅದರ ಗೀರಿಗೆ ನಾಣ್ಯ ಸಿಕ್ಕಿಸಿ ತಿರುಗಿಸಿದರೆ ಇಡೀ ರೈಫಲ್ ನಡುವೆ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ನಳಿಗೆಯನ್ನು ಹಿಂದಿನಿಂದ ತೊಳೆದು ಮತ್ತೆ ಜೋಡಿಸಬಹುದು. ಅಷ್ಟು ಸಲ ಬಿಚ್ಚಿ ಕೂಡಿಸಿದರೂ ಎರಡು ತುಂಡು ಒಂದಕ್ಕೊಂದು ಅಲುಗದಂತೆ ಕೂರಬೇಕು ಎಂದರೆ ಒಳಗಿನ ಅಂಚುಗಳನ್ನು ಎಷ್ಟು ನಾಜೂಕಾಗಿ ಕೊರೆದಿರಬೇಕು ಅಲ್ವಾ?

ವಿಂಚೆಸ್ಟರ್ ಕಂಪನಿ 9422 ತಂದದ್ದು 1972ರಲ್ಲಿ. ಅದರ ದೊಡ್ಡ ಅಣ್ಣ ಮಾಡೆಲ್ 94 ಜಿಂಕೆ ಬೇಟೆಗೆ ಹೆಸರಾದದ್ದು. ಅದೇ ಚಹರೆ, ಕೈಯಲ್ಲಿ ಹಿಡಿದರೆ ಅದೇ ಅನುಭವ, ಗುಂಡು ಮಾತ್ರ .22. ಅಪ್ಪನ ಕೈಯಲ್ಲಿ 94, ಮಗನ ಕೈಯಲ್ಲಿ 9422 ಎಂಬ ಲೆಕ್ಕ. ರಿಸೀವರ್, ಅಂದರೆ ಒಳಗಿನ ಯಂತ್ರವನ್ನು ಹಿಡಿದಿಡುವ ನಡುವಿನ ಗೂಡು, ಪೂರ್ತಿ ಉಕ್ಕಿನದು. ಕಾಯಿಸಿದ ಉಕ್ಕನ್ನು ಬಡಿದು, ಆಮೇಲೆ ಕೊರೆದು ಮಾಡಿದ್ದು. ಭುಜಕ್ಕೆ ಒರಗಿಸುವ ಹಿಡಿಗೆ ಆಕ್ರೋಟಿನ ಮರ.

ತೊಂದರೆ ಶುರುವಾದದ್ದು ಈ ಒಳ್ಳೆಯತನದಿಂದಲೇ. ಚಿಕ್ಕ ಗುಂಡಿನ ರೈಫಲ್ ಎಂದು ಕೊರೆಯುವ ಕೆಲಸ ಕಡಿಮೆಯಾಗುವುದಿಲ್ಲ. 94 ಮಾಡಲು ಬೇಕಾದಷ್ಟೇ ಕೈಕೆಲಸ 9422ಕ್ಕೂ ಬೇಕು. ಆದರೆ ಗಿರಾಕಿ ಮಾತ್ರ '.22 ತಾನೇ' ಎಂದು ಕಡಿಮೆ ರೇಟ್ ನಿರೀಕ್ಷಿಸುತ್ತಾನೆ. ಅತ್ತ 1960ರಲ್ಲಿ ಬಂದ ಮಾರ್ಲಿನ್ ಮಾಡೆಲ್ 60, 1964ರಲ್ಲಿ ಬಂದ ರೂಗರ್ 10/22 ಅಗ್ಗವಾಗಿಯೂ ಇದ್ದವು, ತಾವಾಗಿಯೇ ತೋಟೆ ತುಂಬಿಕೊಳ್ಳುತ್ತಲೂ ಇದ್ದವು. ಮಾಡೆಲ್ 60 ಒಂದೇ 1 ಕೋಟಿಗೂ ಜಾಸ್ತಿ ಮಾರಾಟವಾಗಿದೆ. 1997ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಹೆನ್ರಿ ಕಂಪನಿ ಅಗ್ಗದ ಲೀವರ್ .22 ತಂದಾಗ ಲೀವರ್ ಇಷ್ಟಪಡುವ ಗಿರಾಕಿಯೂ ಆ ಕಡೆ ಜಾರಿದ. ಹೆನ್ರಿಯ ರಿಸೀವರ್ ಸತುವಿನ ಮಿಶ್ರಲೋಹ ಕರಗಿಸಿ ಅಚ್ಚಿಗೆ ಹೊಯ್ದದ್ದು. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಬಾಳಿಕೆಯೂ ಬರುತ್ತದೆ. ಮಾಡುವ ಖರ್ಚು ಮಾತ್ರ ಎಷ್ಟೋ ಕಮ್ಮಿ.

2005ರಲ್ಲಿ 9422 ನಿಂತಿತು. 2006ರ ಮಾರ್ಚ್ 31ರಂದು ನ್ಯೂ ಹೇವನ್ ಕಾರ್ಖಾನೆಯೇ ಮುಚ್ಚಿತು. ಮಾರ್ಲಿನ್ ಕಂಪನಿಯನ್ನು ಇನ್ನೊಂದು ಬಂದೂಕು ಕಂಪನಿ ರೆಮಿಂಗ್ಟನ್ ಕೊಂಡಿತು. 2011ರ ಹೊತ್ತಿಗೆ ನಾರ್ತ್ ಹೇವನ್ ಕೂಡ ಬಾಗಿಲು ಹಾಕಿ, ಯಂತ್ರಗಳು ನ್ಯೂಯಾರ್ಕ್ ರಾಜ್ಯದ ಇಲಿಯನ್ ಊರಿಗೆ ಹೋದವು. ಯಂತ್ರ ಹೋಯಿತು, ಅದನ್ನು ನಡೆಸುತ್ತಿದ್ದ ಕೈಗಳು ಹೋಗಲಿಲ್ಲ. ಹಳೇ ಯಂತ್ರದ ಯಾವ ಮೂಲೆ ಸವೆದಿದೆ, ಅದಕ್ಕೆ ಎಷ್ಟು ಬಿಟ್ಟು ಕೊರೆಯಬೇಕು ಎಂಬುದು ನಕ್ಷೆಯಲ್ಲಿ ಇರಲಿಲ್ಲ, ಕೆಲಸಗಾರರ ತಲೆಯಲ್ಲಿತ್ತು. ಇಲಿಯನ್‌ನಿಂದ ಮೊದಮೊದಲು ಬಂದ ಮಾರ್ಲಿನ್‌ಗಳ ಬಗ್ಗೆ ದೂರುಗಳ ರಾಶಿಯೇ ಬಿತ್ತು. 39ಎ ತಯಾರಿಕೆ ಹಳೇ ಮಟ್ಟಕ್ಕೆ ಮರಳಲೇ ಇಲ್ಲ. ರೆಮಿಂಗ್ಟನ್ 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ದಿವಾಳಿಯಾಯಿತು. ಮಾರ್ಲಿನ್ ಹೆಸರನ್ನು ರೂಗರ್ ಕೊಂಡಿತು. 1816ರ ಮೂಲದ ರೆಮಿಂಗ್ಟನ್ನಿನ ಇಲಿಯನ್ ಕಾರ್ಖಾನೆ 2024ರ ಮಾರ್ಚ್‌ನಲ್ಲಿ ಮುಚ್ಚಿದ ಸುದ್ದಿ ಬಂದಾಗ, ಹಳೇ ಅಮೆರಿಕನ್ ಬಂದೂಕು ಇಟ್ಟುಕೊಂಡವರು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅಪರೂಪ ಎಂಬ ತಪ್ಪು ತಿಳಿವಳಿಕೆ

9422 ಆಗಲಿ 39ಎ ಆಗಲಿ ಅಪರೂಪದ ವಸ್ತುಗಳೇ ಅಲ್ಲ. ಎರಡೂ ಲಕ್ಷಗಟ್ಟಲೆ ತಯಾರಾಗಿವೆ. ಯಾವುದೇ ದಿನ ಹುಡುಕಿದರೂ ಮಾರಾಟಕ್ಕೆ ಸಿಗುತ್ತವೆ.

ನಿಜವಾಗಿ ಕಡಿಮೆ ಇರುವವು ಬೇರೆ. 1884ರಿಂದ 1904ರವರೆಗೆ ವಿಂಚೆಸ್ಟರ್ ತನ್ನ 1873ರ ಮಾದರಿಯನ್ನು .22ರಲ್ಲಿ ಮಾಡಿತ್ತು, ಒಟ್ಟು 20 ಸಾವಿರಕ್ಕೂ ಕಡಿಮೆ. 9422ರ ತಮ್ಮ 9417, ಅಂದರೆ ಇನ್ನೂ ಸಣ್ಣ ಗುಂಡಿನ .17 ಎಚ್‌ಎಂಆರ್ ತೋಟೆಯದು, 2003ರಲ್ಲಿ ಬಂದು ಎರಡೇ ವರ್ಷದಲ್ಲಿ ನಿಂತಿತು. ಇವಕ್ಕೆ ಬೆಲೆ ಬಂದರೆ ಅರ್ಥವಾಗುತ್ತದೆ. ಲಕ್ಷಗಟ್ಟಲೆ ಇರುವ ಸಾಮಾನಿಗೆ ಯಾಕೆ?

ಕಾರಣ ಇಷ್ಟೇ. ಈಗ ಅಂಗಡಿಯಲ್ಲಿ ಅದರ ಜಾಗ ತುಂಬುವ ಹೊಸದು ಇಲ್ಲ. ಉಕ್ಕಿನ ಗೂಡು, ಒಳ್ಳೆಯ ಮರ, ಕೈಯಿಂದ ಹೊಂದಿಸಿದ ಯಂತ್ರ, ದೊಡ್ಡವರ ಅಳತೆ, ಮೇಲೆ ವಿಂಚೆಸ್ಟರ್ ಅಥವಾ ಮಾರ್ಲಿನ್ ಹೆಸರು. ಇವೆಲ್ಲ ಒಟ್ಟಿಗೆ ಬೇಕೆಂದರೆ ಹಳೆಯದನ್ನೇ ಕೊಳ್ಳಬೇಕು. ಇವತ್ತಿನ ಕೂಲಿ, ಇವತ್ತಿನ ಉಕ್ಕಿನ ದರದಲ್ಲಿ ಅಂಥದ್ದನ್ನು ಹೊಸದಾಗಿ ಮಾಡಲು ಹೊರಟರೆ ಅದರ ರೇಟೂ ಸಾವಿರ ಡಾಲರ್ ಹತ್ತಿರವೇ ನಿಲ್ಲುತ್ತದೆ. ಹಳೇ ರೈಫಲ್ ನಿಧಾನವಾಗಿ ಆ ಮಟ್ಟಕ್ಕೆ ಏರಿ ಕೂತಿದೆ.

ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ. ಬ್ರೌನಿಂಗ್ ಬಿಎಲ್-22 ಇನ್ನೂ ತಯಾರಾಗುತ್ತಿದೆ. ಜಪಾನಿನ ಮಿರೋಕು ಕಾರ್ಖಾನೆಯ ಕೆಲಸ, ಉಕ್ಕು ಮತ್ತು ಆಕ್ರೋಟಿನ ಮರ, ಕೆಲಸದಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ. ಹಾಗಿದ್ದರೂ 9422 ಬೆಲೆಯನ್ನು ಅದು ಇಳಿಸಿಲ್ಲ. ಬಿಎಲ್-22 ಮೈಕಟ್ಟಿನಲ್ಲಿ ಚಿಕ್ಕದು, ಲೀವರ್ ತುಸುವೇ ಚಲಿಸುತ್ತದೆ, 94ರ ಚಹರೆ ಇಲ್ಲ. ಜನ ಕೊಡುವ ದುಡ್ಡಿನಲ್ಲಿ ಒಂದು ಪಾಲು ಉಕ್ಕಿಗೆ, ಇನ್ನೊಂದು ಪಾಲು ಚಹರೆಗೆ ಮತ್ತು ಹೆಸರಿಗೆ ಹೋಗುತ್ತಿದೆ ಎಂದು ಒಪ್ಪಿಕೊಳ್ಳಲೇಬೇಕು.

ನಳಿಗೆಯ ಮೇಲಿನ ಎರಡು ಅಕ್ಷರ

ಈ ಹೆಸರಿನ ಪಾಲು ಎಷ್ಟು ಸೂಕ್ಷ್ಮ ಎಂದು ನೋಡಬೇಕಾದರೆ ಮಾರ್ಲಿನ್ನಿನ ನಳಿಗೆಯನ್ನು ಹತ್ತಿರದಿಂದ ನೋಡಬೇಕು. ನಳಿಗೆ ರಿಸೀವರ್‌ಗೆ ಸೇರುವ ಕಡೆ, ಸಣ್ಣ ಅಂಡಾಕಾರದ ಮುದ್ರೆ ಇರುತ್ತದೆ. 'ಜೆಎಂ' ಎಂದಿದ್ದರೆ ಕನೆಕ್ಟಿಕಟ್‌ನದು, ಜಾನ್ ಮಾರ್ಲಿನ್ ಹೆಸರಿನ ಮೊದಲಕ್ಷರಗಳು. 'ಆರ್‌ಇಪಿ' ಎಂದಿದ್ದರೆ ರೆಮಿಂಗ್ಟನ್ ಕಾಲದ್ದು. ಮಾರುವವರು ಜಾಹೀರಾತಿನಲ್ಲಿ ಮೊದಲ ಫೋಟೋವನ್ನೇ ಈ ಮುದ್ರೆಯದ್ದು ಹಾಕುತ್ತಾರೆ. ಒಂದೇ ಮಾದರಿ, ಒಂದೇ ಗುಂಡು, ಎರಡು ಅಕ್ಷರಕ್ಕೆ ನೂರಾರು ಡಾಲರ್ ವ್ಯತ್ಯಾಸ.

ಸಂಖ್ಯೆಯಲ್ಲೂ ಹೀಗೇ. 1970ರ ದಶಕದ ನಡುವಿನಿಂದ ಆ ಶತಮಾನದ ಕೊನೆಯವರೆಗಿನ ಮಾರ್ಲಿನ್ ಆದರೆ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಯನ್ನು 100ರಿಂದ ಕಳೆದರೆ ತಯಾರಾದ ವರ್ಷ ಸಿಗುತ್ತದೆ. 25 ಎಂದು ಶುರುವಾದರೆ 1975, 18 ಎಂದರೆ 1982. ವರ್ಷ ಯಾಕೆ ಮುಖ್ಯ ಎಂದರೆ, 1980ರ ದಶಕದ ಕೊನೆಗೆ 39ಎ ಮೈಗೆ ಅಡ್ಡಕ್ಕೆ ಒತ್ತುವ ಬಟನ್ನಿನ ಸೇಫ್ಟಿ (ಅಕಸ್ಮಾತ್ ಗುಂಡು ಹಾರದಂತೆ ತಡೆಯುವ ವ್ಯವಸ್ಥೆ) ಬಂತು. ಸುರಕ್ಷತೆಗೆ ಒಳ್ಳೆಯದೇ, ಆದರೆ ಸಂಗ್ರಹಕಾರರಿಗೆ ಬಟನ್ನಿಗೆಂದು ಕೊರೆದ ಆ ತೂತಿಲ್ಲದ ಹಳೇ ಮೈಯೇ ಬೇಕು.

ಏರಿಕೆಗೆ ದೂಡಿದ ನಾಲ್ಕು ಸಂಗತಿ

ಬದಲಿ ಇಲ್ಲದ್ದು ಬುನಾದಿ. ಅದರ ಮೇಲೆ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಭಾರ ಬಿದ್ದಿದೆ.

ಮೊದಲನೆಯದು ಇಂಟರ್ನೆಟ್. ಹಿಂದೆ ಒಂದು ಹಳ್ಳಿಯಲ್ಲಿ ಯಾರೋ ತೀರಿಕೊಂಡರೆ ಅವರ .22 ಅಲ್ಲೇ ಪಕ್ಕದ ಮನೆಗೆ ಸಿಕ್ಕ ರೇಟಿಗೆ ಹೋಗುತ್ತಿತ್ತು. 1999ರಲ್ಲಿ ಇಬೇ ಬಂದೂಕು ಮಾರಾಟ ನಿಲ್ಲಿಸಿತು, ಅದೇ ವರ್ಷ ಬಂದೂಕಿಗಾಗಿಯೇ ಗನ್‌ಬ್ರೋಕರ್ ಎಂಬ ಹರಾಜಿನ ವೆಬ್‌ಸೈಟ್ ಶುರುವಾಯಿತು. ಈಗ ಮೊಂಟಾನಾದ ವಿಧವೆಗೂ ಟೆಕ್ಸಾಸ್‌ನ ಹರಾಜಿನ ರೇಟ್ ಗೊತ್ತು. ಅಗ್ಗಕ್ಕೆ ಸಿಗುವ ಮೂಲೆಗಳೇ ಮಾಯವಾದವು. ಕೂಗುವ ಬೆಲೆ ಮತ್ತು ಹರಾಜು ಮುಗಿದ ಬೆಲೆ ಬೇರೆ ಬೇರೆ ಎಂಬುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಯಾರೋ 2,500 ಡಾಲರ್ ಎಂದು ಚೀಟಿ ಅಂಟಿಸಿ ಆರು ತಿಂಗಳು ಮಾರದೆ ಕೂತಿದ್ದರೆ ಅದು ಬೆಲೆಯಲ್ಲ, ಆಸೆ.

ಎರಡನೆಯದು ಕೋವಿಡ್. 2020ರಲ್ಲಿ ಅಮೆರಿಕದ ಎಫ್‌ಬಿಐ ನಡೆಸಿದ ಬಂದೂಕು ಹಿನ್ನೆಲೆ ತಪಾಸಣೆ ಸುಮಾರು 3.97 ಕೋಟಿ. ಪ್ರತಿ ತಪಾಸಣೆಯೂ ಮಾರಾಟ ಆಗಿರಬೇಕಿಲ್ಲ, ಆದರೂ ಜನ ಎಷ್ಟು ಮುಗಿಬಿದ್ದರು ಎಂದು ಇದರಿಂದ ಗೊತ್ತಾಗುತ್ತದೆ. ಹೊಸದು ಖಾಲಿಯಾದಾಗ ಹಳೆಯದಕ್ಕೆ ಕೈ ಹಾಕಿದರು.

ಮೂರನೆಯದು ಕಾನೂನು. ಬಂದೂಕು ನಿಯಂತ್ರಣದ ಚರ್ಚೆ ಬಂದಾಗಲೆಲ್ಲ ಕಣ್ಣು ಹೋಗುವುದು ತಾವಾಗಿಯೇ ತೋಟೆ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್‌ಗಳ ಕಡೆ, ಜಾಸ್ತಿ ಗುಂಡು ಹಿಡಿಯುವ ಮ್ಯಾಗಜಿನ್‌ಗಳ ಕಡೆ. ಕ್ಯಾಲಿಫೋರ್ನಿಯಾದಂಥ ಬಿಗಿ ಕಾನೂನಿನ ರಾಜ್ಯದಲ್ಲೂ ಲೀವರ್ ರೈಫಲ್ಲಿನ ಕೊಳವೆಗೆ ಮತ್ತು .22 ಕೊಳವೆಗೆ ವಿನಾಯಿತಿ ಇದೆ. 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಆಸ್ಟ್ರೇಲಿಯಾ ನಿಯಮ ಬಿಗಿ ಮಾಡಿದಾಗ ಸೆಮಿ ಆಟೊಮ್ಯಾಟಿಕ್ .22ಗೂ ಕಡಿವಾಣ ಬಿತ್ತು, ಲೀವರ್ .22 ಸಡಿಲ ವರ್ಗದಲ್ಲೇ ಉಳಿಯಿತು. ನಾಳೆ ಏನು ಬಂದರೂ ಇದಕ್ಕೆ ತೊಂದರೆಯಿಲ್ಲ ಎಂಬ ನಂಬಿಕೆಗೂ ಜನ ದುಡ್ಡು ಕೊಡುತ್ತಿದ್ದಾರೆ.

ನಾಲ್ಕನೆಯದನ್ನು ಹೆಚ್ಚು ಜನ ಗಮನಿಸಿಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ 50 ವರ್ಷ ತುಂಬಿದ, ಮೂಲ ಸ್ಥಿತಿಯಲ್ಲೇ ಇರುವ ಬಂದೂಕು 'ಸಂಗ್ರಹ ವಸ್ತು' ವರ್ಗಕ್ಕೆ ಸೇರುತ್ತದೆ. ಮೂರು ವರ್ಷಕ್ಕೆ 30 ಡಾಲರ್ ಕಟ್ಟಿ ಸಂಗ್ರಹಕಾರನ ಲೈಸೆನ್ಸ್ ಮಾಡಿಸಿಕೊಂಡವರು, ತಮ್ಮ ರಾಜ್ಯದ ಕಾನೂನು ಒಪ್ಪಿದರೆ, ಇಂಥದ್ದನ್ನು ಬೇರೆ ರಾಜ್ಯದಿಂದ ಸೀದಾ ಮನೆಗೇ ತರಿಸಿಕೊಳ್ಳಬಹುದು. ನಡುವೆ ಡೀಲರ್ ಬೇಡ, ಅವನ ಫೀಸೂ ಬೇಡ. 1972ರ 9422ಗಳಿಗೆ 50 ತುಂಬಿದ್ದು 2022ರಲ್ಲಿ. ಅಲ್ಲಿಂದ ಪ್ರತಿ ವರ್ಷ ಇನ್ನೊಂದು ವರ್ಷದ ಸರಕು ಈ ಗೆರೆ ದಾಟುತ್ತಿದೆ. ಕೊಳ್ಳುವವರ ಸಂಖ್ಯೆ ಸುಮ್ನೆ ಕೂತಲ್ಲೇ ಹೆಚ್ಚುತ್ತಿದೆ.

ಇದು ಗುಳ್ಳೆ ಎನ್ನುವವರ ಮಾತು

ಎಲ್ಲರೂ ಒಪ್ಪುವುದಿಲ್ಲ. ಇದು ನೆನಪಿಗೆ ಕೊಡುವ ಬೆಲೆ, ನೆನಪಿರುವವರು ಇರುವವರೆಗೆ ಮಾತ್ರ ಎಂಬ ವಾದ ಇದೆ. ಟೀವಿಯಲ್ಲಿ ಕೌಬಾಯ್ ಧಾರಾವಾಹಿ ನೋಡಿ ಬೆಳೆದ ತಲೆಮಾರಿಗೆ ಈಗ 65-80 ವಯಸ್ಸು. ಕೈಯಲ್ಲಿ ದುಡ್ಡಿದೆ, ಬಾಲ್ಯದಲ್ಲಿ ಸಿಗದ ರೈಫಲ್ ಬೇಕೆಂಬ ಆಸೆ ಇದೆ. ಇನ್ನು 15-20 ವರ್ಷದಲ್ಲಿ ಇವರ ಕಪಾಟುಗಳೆಲ್ಲ ಖಾಲಿಯಾಗಿ ಮಾರುಕಟ್ಟೆಗೆ ಬರುತ್ತವೆ. ಆಗ ಕೊಳ್ಳುವವರು ಯಾರು ಎಂಬುದು ಅವರ ಪ್ರಶ್ನೆ.

ಈ ವಾದವನ್ನು ತಳ್ಳಿಹಾಕುವಂತಿಲ್ಲ. ಬೇರೆ ಕಡೆ ಹೀಗೆ ಆಗಿಯೂ ಇದೆ. 1960ರ ದಶಕದಲ್ಲಿ ವಿಂಚೆಸ್ಟರ್ ಕಂಪನಿ ಮಾಡೆಲ್ 94ರ ಸ್ಮರಣ ಆವೃತ್ತಿಗಳನ್ನು ತಂದಿತು. 1968ರ ಬಫಲೋ ಬಿಲ್ ಆವೃತ್ತಿಯೊಂದೇ ಲಕ್ಷಕ್ಕೂ ಜಾಸ್ತಿ. ಮುಂದೆ ಬೆಲೆ ಬರುತ್ತದೆಂದು ಜನ ಪೆಟ್ಟಿಗೆ ಬಿಚ್ಚದೆ ಮಂಚದ ಕೆಳಗೆ ಇಟ್ಟರು. ಎಲ್ಲರೂ ಹಾಗೇ ಇಟ್ಟಿದ್ದರಿಂದ ಇವತ್ತಿಗೂ ಅವು ಹೊಸದರಂತೆ ಸಿಗುತ್ತವೆ. ಹಣದುಬ್ಬರ ಕಳೆದರೆ ಲಾಭ ಅನ್ನುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ.

ಹಣದುಬ್ಬರದ ಲೆಕ್ಕವನ್ನು ಹಳೇ .22ಗೂ ಹಾಕಿ ನೋಡೋಣ. 1972ರಿಂದ 2024ಕ್ಕೆ ಅಮೆರಿಕದಲ್ಲಿ ಬೆಲೆಗಳು ಸುಮಾರು ಏಳೂವರೆ ಪಟ್ಟು ಆಗಿವೆ. ಅಂದಿನ 100 ಡಾಲರಿನ ಸಾಮಾನು ಇವತ್ತಿನ 750 ಡಾಲರಿಗೆ ಸಮ. ಅದೀಗ 1,000ಕ್ಕೆ ಮಾರಿದರೆ ನಿಜವಾದ ಗಳಿಕೆ 52 ವರ್ಷಕ್ಕೆ ಮೂರನೇ ಒಂದು ಪಾಲು, ವರ್ಷಕ್ಕೆ ಶೇ. 0.6ಕ್ಕೂ ಕಡಿಮೆ. ಬ್ಯಾಂಕಿನ ಠೇವಣಿ ಬಿಟ್ಟು ಇದಕ್ಕೆ ದುಡ್ಡು ಹಾಕುವವರು ಈ ಲೆಕ್ಕವನ್ನು ಒಮ್ಮೆ ಕೂತು ಮಾಡಲೇಬೇಕು.

ನನಗೆ ಕಾಣುವಂತೆ ಎರಡೂ ವಾದಗಳು ಬೇರೆ ಬೇರೆ ರೈಫಲ್‌ಗೆ ಅನ್ವಯಿಸುತ್ತವೆ. ಪೆಟ್ಟಿಗೆ, ಚೀಟಿ ಸಮೇತ ಮುಟ್ಟದೆ ಇಟ್ಟದ್ದಕ್ಕೆ ನೆನಪಿನ ಬೆಲೆ ಇದೆ, ಅದು ಇಳಿಯಬಹುದು. ಚೆನ್ನಾಗಿ ಬಳಸಿದ, ಆದರೆ ಗಟ್ಟಿಯಾಗಿರುವ ಸಾಧಾರಣ 9422ಗೆ ಉಪಯೋಗದ ಬೆಲೆ ಇದೆ. ಅದು ಹೊಸದಾಗಿ ಮಾಡುವ ಖರ್ಚಿಗಿಂತ ಬಹಳ ಕೆಳಗೆ ಬೀಳುವುದು ಕಷ್ಟ.

ಕಂಪನಿಗಳು ಮತ್ತೆ ತಂದರೆ?

ರೂಗರ್ 2021ರ ಕೊನೆಗೆ ಮಾರ್ಲಿನ್ ಹೆಸರಿನಲ್ಲಿ ಮತ್ತೆ ರೈಫಲ್ ಕಳಿಸಲು ಶುರು ಮಾಡಿತು. ಮೊದಲು ಕೈಗೆತ್ತಿಕೊಂಡದ್ದು ದೊಡ್ಡ ಗುಂಡಿನ ಮಾಡೆಲ್ 1895, ಆಮೇಲೆ ಮಾಡೆಲ್ 336, ಮಾಡೆಲ್ 1894. ಯಾಕೆ ಎಂದರೆ ಹಳೇ ಲೆಕ್ಕವೇ. ಕೊರೆಯುವ ಖರ್ಚು ಹೆಚ್ಚು ಕಡಿಮೆ ಒಂದೇ, ದೊಡ್ಡ ಗುಂಡಿನದಕ್ಕೆ ಗಿರಾಕಿ ಜಾಸ್ತಿ ಕೊಡುತ್ತಾನೆ.

ಒಳ್ಳೆಯ ಉಕ್ಕಿನ .22 ಲೀವರ್ ಹೊಸದಾಗಿ ಬಂದರೆ ಹೊಡೆಯಲು ಬೇಕಾದವರು ಅದನ್ನೇ ಕೊಳ್ಳುತ್ತಾರೆ. ಆಗ ಸಾಧಾರಣ ಸ್ಥಿತಿಯ ಹಳೆಯವಕ್ಕೆ ಪೆಟ್ಟು. ಜೆಎಂ ಮುದ್ರೆಯವಕ್ಕೆ, ಪೆಟ್ಟಿಗೆಯಲ್ಲಿರುವವಕ್ಕೆ ಅಷ್ಟು ಪೆಟ್ಟಾಗಲಾರದು, ಅವುಗಳ ಗಿರಾಕಿಯೇ ಬೇರೆ.

ಅಲ್ಲಿರುವ ಕನ್ನಡಿಗರು ತಿಳಿಯಬೇಕಾದ್ದು

ಅಮೆರಿಕದಲ್ಲಿ ಕೆಲಸದ ಮೇಲಿರುವ ನಮ್ಮವರಲ್ಲಿ ಕೆಲವರಿಗೆ ಈ ಹವ್ಯಾಸದ ಸೆಳೆತ ಇದೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಚಾಲ್ತಿ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿ ಇಲ್ಲ. ಗೆಳೆಯನ ಹೆಸರಲ್ಲಿ ಕೊಳ್ಳುವ ಯೋಚನೆ ಬೇಡವೇ ಬೇಡ, ಅದು ಇಬ್ಬರನ್ನೂ ಜೈಲಿಗೆ ಕಳಿಸಬಹುದು. ಊರಿಗೆ ಹೊತ್ತು ತರುವ ದಾರಿಯೂ ಸಾಮಾನ್ಯ ಪ್ರಯಾಣಿಕನಿಗೆ ಇಲ್ಲ.

ಕಪಾಟಿನಿಂದ ಬಿಡಿಭಾಗಕ್ಕೆ

ಬೆಲೆ ಏರಿದ್ದರಿಂದ ಆಗುತ್ತಿರುವ ನಿಜವಾದ ಹಾನಿ ಬೇರೆ ಕಡೆ ಇದೆ. ತಯಾರಿಕೆ ನಿಂತ ರೈಫಲ್‌ಗೆ ಬಿಡಿಭಾಗವೂ ನಿಲ್ಲುತ್ತದೆ. ತೋಟೆ ಎಳೆಯುವ ಕೊಕ್ಕೆ ಮುರಿದರೆ, ಕೊಳವೆ ಜಜ್ಜಿದರೆ, ಹೊಸದು ಸುಲಭಕ್ಕೆ ಸಿಗುವುದಿಲ್ಲ. ಆಗ ಇನ್ನೊಂದು ರೈಫಲ್ ಬಿಚ್ಚಬೇಕು. ಬಿಡಿಭಾಗದ ರೇಟ್ ಎಷ್ಟು ಏರಿದೆಯೆಂದರೆ, ಗೀರು ಬಿದ್ದ, ತುಕ್ಕು ಹಿಡಿದ ರೈಫಲ್ಲನ್ನು ಇಡಿಯಾಗಿ ಮಾರುವುದಕ್ಕಿಂತ ಬಿಚ್ಚಿ ಮಾರಿದರೆ ಕೆಲವೊಮ್ಮೆ ಹೆಚ್ಚು ದುಡ್ಡು. ಹಿಡಿ ಒಬ್ಬರಿಗೆ, ನಳಿಗೆ ಇನ್ನೊಬ್ಬರಿಗೆ, ಲೀವರ್ ಮತ್ತೊಬ್ಬರಿಗೆ. ಕಾನೂನಿನಲ್ಲಿ ಬಂದೂಕು ಎಂದರೆ ಸೀರಿಯಲ್ ನಂಬರ್ ಇರುವ ರಿಸೀವರ್ ಮಾತ್ರ. ಉಳಿದವು ಅಂಚೆಯಲ್ಲಿ ಸಾಮಾನ್ಯ ಪಾರ್ಸೆಲ್ ಆಗಿ ಹೋಗುತ್ತವೆ.

ಹೀಗೆ ಬಿಚ್ಚಿದ ಪ್ರತಿಯೊಂದೂ ಲೆಕ್ಕದಿಂದ ಹೊರಗೆ. ಬಿಚ್ಚುವುದು ಹಳೇ, ಬಳಸಿದ, ಅಗ್ಗದ ರೈಫಲ್‌ಗಳನ್ನೇ. ಅಂದರೆ ಹಳ್ಳಿಯ ಹುಡುಗನಿಗೋ ಹುಡುಗಿಗೋ ಕಲಿಯಲು 300-400 ಡಾಲರಿಗೆ ಸಿಗಬಹುದಾಗಿದ್ದ ರೈಫಲ್ ಮೊದಲು ಮಾಯವಾಗುತ್ತಿದೆ. ಪೆಟ್ಟಿಗೆಯೊಳಗಿನದು ಒಂದೂ ಗುಂಡು ಹಾರಿಸದೆ ಹಾಗೇ ಉಳಿಯುತ್ತಿದೆ. ಹರಾಜಿಗೆ ಒಂಟಿ ರಿಸೀವರ್‌ಗಳು ಬರಲು ಶುರುವಾದ ದಿನದಿಂದ ಅವುಗಳ ಮೇಲಿನ ನಂಬರು ಓದಿದರೆ ಸಾಕು, ಯಾವ ವರ್ಷದ್ದು ಬಿಚ್ಚಿ ಹಂಚಿಹೋಯಿತು ಎಂದು ಗೊತ್ತಾಗುತ್ತದೆ.